ಎದೆಯೊಳಗೆ ಉಕ್ಕಿನ ಪಟ್ಟಿ

ಅಣ್ಣ ಅಂಗಾತ ಮಲಗಿದರೆ ಎದೆಯ ನಡುವಿನ ಕುಳಿಯಲ್ಲಿ ಅರ್ಧ ಲೋಟ ಹಾಲಿಲ್ಲದ ಕಟ್ಟನ್‌ಚಾಯ ನಿಲ್ಲುತ್ತಿತ್ತು. ನನ್ನದಕ್ಕೆ ಎರಡು ಚಮಚ ಸಾಕು. ಕೊಚ್ಚಿಯ ಆಸ್ಪತ್ರೆಯಲ್ಲಿ ಆಪರೇಷನ್ನಿನ ಹಿಂದಿನ ದಿನ ಅಂಗಿ ಬಿಚ್ಚಿಸಿ ಅಳತೆ ತೆಗೆದಾಗ ಕದ್ದು ನೋಡಿ ಹೋಲಿಸಿಕೊಂಡಿದ್ದೆವು. ಕಂಕುಳ ಕೆಳಗೆ ಎರಡು ಸಣ್ಣ ಗಾಯ ಮಾಡಿ, ಬಾಗಿದ ಉಕ್ಕಿನ ಪಟ್ಟಿಯೊಂದನ್ನು ಎದೆಮೂಳೆಯ ಹಿಂದೆ ತೂರಿಸಿ, ಕುಳಿಯನ್ನು ಒಳಗಿನಿಂದ ಮೇಲೆತ್ತುತ್ತಾರೆ. ಮೂರು ವರ್ಷ ಅದು ಅಲ್ಲೇ ಇರಬೇಕು. ನನಗೆ ಹದಿನೆಂಟು, ಪಕ್ಕದ ಹಾಸಿಗೆಯ ಅವನಿಗೆ ಇಪ್ಪತ್ತೊಂದು, ಅದಕ್ಕೇ ಅವನನ್ನು ಅಣ್ಣ ಎಂದು ಕರೆದೆ. ನಾನು ಕೊಚ್ಚಿಯ ಕಾಕ್ಕನಾಡಿನಲ್ಲಿ ಬೆಳೆದ ಮೈಸೂರಿನವರ ಮಗ, ಅವನು ಕಾಸರಗೋಡಿನ ವಕೀಲರ ಮಗ. ವಾರ್ಡಿನಲ್ಲಿ ಕನ್ನಡ ನಮ್ಮಿಬ್ಬರ ಗುಟ್ಟಿನ ಭಾಷೆಯಾಯಿತು.

ಅಣಕಿಸುವುದು ನನ್ನ ಹುಟ್ಟುಚಾಳಿ. ನರ್ಸ್ ಚೇಚಿಯ ನಡಿಗೆ, ಅಪ್ಪನ ಗೊರಕೆ, ನನ್ನದೇ ನರಳಾಟ, ಯಾವುದನ್ನೂ ಬಿಡಲಿಲ್ಲ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಸರ್ಜನ್. ಮೂಗಿನ ತುದಿಯಿಂದ ನೋಡುತ್ತ "ಸಾರಮಿಲ್ಲ ಮೋನೇ" ಎಂದರೆ, ಅಂದರೆ ಏನೂ ಪರವಾಗಿಲ್ಲ ಮಗನೇ ಎಂದರೆ, ಅಣ್ಣ ಪಕ್ಕೆ ಹಿಡಿದುಕೊಂಡು ಬೇಡುತ್ತಿದ್ದ.

"ನಗಿಸ್ಬೇಡ ಮಾರಾಯ, ಹೊಲಿಗೆ ಬಿಚ್ಚಿ ಹೋಗ್ತದೆ."

ಆಮೇಲೆ ಅವನಿಗೆ ತಿರುವನಂತಪುರದ ಕಳಕ್ಕೂಟಂನಲ್ಲಿ ಕೆಲಸ, ಹಾಸ್ಟೆಲ್ ವಾಸ. ನಾನು ನೋಡಲು ಹೋದಾಗ ತಂಪಾನೂರಿನ ರೈಲು ನಿಲ್ದಾಣದಲ್ಲಿ ಅಡಿಪಟ್ಟಿ ನುಂಗಿದವನ ಹಾಗೆ ನೆಟ್ಟಗೆ ನಿಂತಿರುತ್ತಿದ್ದ. ಭಾರ ಎತ್ತುವುದು ಇಬ್ಬರಿಗೂ ನಿಷಿದ್ಧ. ನನ್ನ ಒಂದು ಬ್ಯಾಗಿಗೆ ಪೋರ್ಟರ್ ಹಿಡಿದೆವು. ಹೊತ್ತ ಮುದುಕ, ಗರ್ಭಿಣಿಯರೂ ಇದನ್ನು ತಾವೇ ಹಿಡಿಯುತ್ತಾರೆ ಎಂದ. ಅಣ್ಣ ಗಂಭೀರವಾಗಿ, ನಮಗಿನ್ನೂ ಎರಡು ವರ್ಷ ಬಾಕಿ ಉಂಟು ಎಂದು ಉತ್ತರ ಕೊಟ್ಟ.

ಒಂದು ಶುಕ್ರವಾರ ಫೋನ್ ಮಾಡಿದ. ಎಡಕ್ಕೆ ಹೊರಳಿದರೆ ಒಳಗೆ ಏನೋ ಟಕ್ ಎನ್ನುತ್ತದಂತೆ, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. ಮನೆಯಲ್ಲಿ ಹೇಳಿದರೆ ಅಮ್ಮ ರೈಲು ಹತ್ತಿ ಬಂದುಬಿಡುತ್ತಾರೆ ಎಂದ.

"ಹೋಗಿ ತೋರಿಸ್ಬೇಕಾ ಹೇಗೆ?"

ನಿಜವಾಗಿಯೇ ಕೇಳಿದ್ದ. ನಾನು ಸರ್ಜನ್ ದನಿಯಲ್ಲಿ, "ಸಾರಮಿಲ್ಲ ಮೋನೇ" ಎಂದೆ. ಅವನು ನಕ್ಕ. ಹಾಗಾದರೆ ಸೋಮವಾರ ನೋಡುವ ಎಂದು ಫೋನಿಟ್ಟ.

ಭಾನುವಾರ ಬೆಳಿಗ್ಗೆ ಹಾಸ್ಟೆಲ್ ಮೆಟ್ಟಿಲ ಮೇಲೆ ಕುಸಿದ. ಪಟ್ಟಿ ಹೊರಳಿ ಹೃದಯಕ್ಕೆ ತಾಗಿತ್ತು, ಎದೆಯೊಳಗೆ ರಕ್ತ ತುಂಬಿತ್ತು. ತಿರುವನಂತಪುರದ ವೈದ್ಯರು ಎದೆ ತೆರೆದರು, ಉಳಿಸಲಾಗಲಿಲ್ಲ. ಹೀಗಾಗುವುದು ಬಹಳ ಅಪರೂಪ ಎಂದರು. ಅಪರೂಪಕ್ಕೂ ಯಾರಾದರೊಬ್ಬರು ಬೇಕಲ್ಲ.

ಹದಿನಾಲ್ಕನೆಯ ದಿನ ಅವನ ಅಮ್ಮ ಫೋನ್ ಮಾಡಿದರು. ಊಟ ಆಯಿತಾ ಎಂದು ಕೇಳಿ, ನಾಳೆಯೇ ಸ್ಕ್ಯಾನ್ ಮಾಡಿಸುತ್ತೇನೆಂದು ನನ್ನಿಂದ ಆಣೆ ಹಾಕಿಸಿಕೊಂಡರು. ಹೋದೆ. ನನ್ನ ಪಟ್ಟಿಯೂ ಒಂದು ಕಡೆ ಸಡಿಲವಾಗಿತ್ತು, ಸರಿಮಾಡಿದರು. ಇವತ್ತು ಉಸಿರಾಡುತ್ತಿದ್ದರೆ ಆ ತಾಯಿಯಿಂದ.

ಅಂದು ಫೋನಿಡುವ ಮುಂಚೆ ಅವರು ಹೇಳಿದರು: "ಅವ ಯಾರತ್ರವೂ ಒಂದು ಮಾತು ಹೇಳ್ಲಿಲ್ಲ ನೋಡು ಮಗಾ. ಹೇಳಿದ್ರೆ ಯಾರಾದ್ರೂ ಕರ್ಕೊಂಡು ಹೋಗ್ತಿದ್ರು."

ಹೌದಮ್ಮ, ಯಾರಿಗೂ ಹೇಳಲಿಲ್ಲ, ಎಂದೆ.