ಪಿನ್ನರ್‌ಗೆ ಬಂದ ಮಂಗ

ಚೌಕಾಸಿಗೆ ಹೊರಟಾಗ ವಸ್ತುವಿನ ಮೇಲೆ ಆಸೆಯಿರುವವರನ್ನು ಜೊತೆಗೆ ಕರೆದೊಯ್ಯಬೇಡಿ. ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ಸೀರೆ ಅಂಗಡಿ ನಡೆಸಿ ಕಲಿತದ್ದು ಇದು. ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಆದರೆ ಆ ಶನಿವಾರ ಬೇರೆ ದಾರಿಯಿರಲಿಲ್ಲ. ಕೊಳ್ಳುವವರು ನನ್ನ ತಂಗಿಯ ಗಂಡ: ಪಿನ್ನರ್‌ನಲ್ಲಿ ನೆಲೆಸಿದ ಧಾರವಾಡದ ಡಾಕ್ಟರು, ಆಸ್ಪತ್ರೆಯಿಂದ ಆಗಷ್ಟೇ ನಿವೃತ್ತರಾದವರು. ಬದುಕಿನಲ್ಲಿ ತಮಗೆಂದು ಏನನ್ನೂ ಕೇಳಿದವರಲ್ಲ. ಈಗ ಕೇಳಿದ್ದು ಜರ್ಮನ್ ಸೈನ್ಯದ ಹಳೆಯ ಜೀಪೊಂದನ್ನು.

ಅದನ್ನು ಜೀಪು ಅಂತ ಕರೆದರೆ ಅವರಿಗೆ ಸಿಟ್ಟು. ಅದರ ಹೆಸರು ಮುಂಗಾ. ಇಲ್ಲಿಯವರ ಬಾಯಲ್ಲಿ ಅದು ಮಂಗಾ. ತಂಗಿಗೆ ಇಷ್ಟು ಸಾಕಾಯಿತು. ಮದುವೆಯಾದಾಗಿನಿಂದ ಅವಳು ಗಂಡನನ್ನು ಬೈಯುವುದೇ ಮಂಗ ಅಂತ.

ಮಾರುವವರ ಮನೆಯಿದ್ದ ರೈಸ್ಲಿಪ್ ಮುಟ್ಟುವವರೆಗೂ ಡಾಕ್ಟರು ಗಾಡಿಯ ಪುರಾಣ ಓದಿದರು. ಯುದ್ಧ ಸೋತ ಮೇಲೆ ಹತ್ತು ವರ್ಷ ಪಶ್ಚಿಮ ಜರ್ಮನಿಗೆ ಸ್ವಂತ ಸೈನ್ಯವೇ ಇರಲಿಲ್ಲವಂತೆ. ಮತ್ತೆ ಕಟ್ಟಿದಾಗ ಕೆಸರು, ದಿನ್ನೆ ಎನ್ನದೆ ಓಡುವ ಹಗುರ ಗಾಡಿ ಬೇಕಾಯಿತು. ಪೈಪೋಟಿಗೆ ನಿಂತವರಲ್ಲಿ ಇವತ್ತು ಸಿರಿವಂತರ ಸ್ಪೋರ್ಟ್ಸ್ ಕಾರು ಮಾಡುವ ಕಂಪನಿಯೂ ಇತ್ತು. ಅದು ಸೋತಿತು, ಈ ಪುಟ್ಟ ಗಾಡಿ ಗೆದ್ದಿತು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ. ಎಂಜಿನ್ ಮಾತ್ರ ಹಳೆಯ ಸ್ಕೂಟರಿನ ಹಾಗೆ ಟೂ-ಸ್ಟ್ರೋಕ್: ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸಬೇಕು, ನೀಲಿ ಹೊಗೆ ಬಿಡುತ್ತದೆ.

"ಹುಬ್ಬಳ್ಳಿ ಆಟೋ ಅನ್ರಿ," ಎಂದಳು ಹಿಂದೆ ಕೂತ ತಂಗಿ.

"ಹೌದಲ್ಲ! ಕಾಲೇಜಿಗೆ ಹೋಗೂವಾಗ ನನ್ನ ಸ್ಕೂಟರಿಂದೂ ಅದೇ ವಾಸನಿ. ಅದೇ ಬೇಕಾಗೇದ ನನಗ."

ಇಂಥ ಗಿರಾಕಿಯನ್ನು ಕಟ್ಟಿಕೊಂಡು ಏನು ಚೌಕಾಸಿ ಮಾಡುವುದು? ದೋಷವಾದರೂ ಗೊತ್ತಿರಲಿ ಎಂದು ಕೇಳಿದೆ, "ಅಷ್ಟು ಚಲೋ ಇದ್ರ ಸೈನ್ಯದವ್ರು ಯಾಕ ಬಿಟ್ರು ಡಾಕ್ಟ್ರೇ?"

"ಹಳೇವಾದ್ವು ಅಕ್ಕಾರ. ಸೈನ್ಯ ಮಾರಿದ್ದನ್ನ ಇಲ್ಲಿ ರೈತರೂ ತಗೊಂಡ್ರು. ಮುಂದ ಅದರ ಜಾಗಾಕ್ಕ ಇಲ್ಟಿಸ್ ಅಂತ ಬಂತು. ಇಲ್ಟಿಸ್ ಅಂದ್ರ ನಮ್ಮ ಮುಂಗುಸಿಯಂಥಾ ಒಂದು ಪ್ರಾಣಿ."

"ಮಂಗ ಹೋಗಿ ಮುಂಗುಸಿ ಬಂತು. ಸೈನ್ಯ ಅನ್ನೂದೋ, ಜೂ ಅನ್ನೂದೋ," ಎಂದಳು ತಂಗಿ.

ಮಾರುವಾಕೆ ವಯಸ್ಸಾದ ಇಂಗ್ಲಿಷ್ ಹೆಂಗಸು. ಗಂಡ ತೀರಿಕೊಂಡಿದ್ದರು, ಈಗ ಆಕೆ ಮನೆ ಬಿಟ್ಟು ಸಣ್ಣ ಫ್ಲಾಟಿಗೆ ಹೊರಟಿದ್ದರು. ಗಾಡಿ ಆ ಗಂಡನದು. ಗ್ಯಾರೇಜಿನ ಬಾಗಿಲು ತೆರೆಯುತ್ತಲೇ ಹೇಳಿದರು, "ಬಿಚ್ಚಿ ಬಿಡಿಭಾಗ ಮಾರುವವರಿಗೆ ಕೊಡುವುದಿಲ್ಲ. ಬಂದವರನ್ನೆಲ್ಲ ವಾಪಸು ಕಳಿಸಿದ್ದೇನೆ."

ನಾನು ನನ್ನ ಪದ್ಧತಿಯಂತೆ ಸುತ್ತು ಹಾಕಿದೆ. ಇಲ್ಲಿ ತುಕ್ಕು, ಅಲ್ಲಿ ಹರಿದ ಬಟ್ಟೆಯ ಟಾಪು, ಸ್ಟೀರಿಂಗ್ ಬೇರೆ ಎಡಕ್ಕೆ. ಸೀರೆಯ ಅಂಚು ಹಿಡಿದು ಮುಖ ಸಿಂಡರಿಸುವ ಹಾಗೆ ಮಡ್‌ಗಾರ್ಡ್ ಮುಟ್ಟಿ ಮುಖ ಸಿಂಡರಿಸಿದೆ. ಸಗಟು ಸೀರೆಯವರು ಇಷ್ಟಕ್ಕೇ ಬೆಲೆ ಇಳಿಸಿಬಿಡುತ್ತಾರೆ. ಆಕೆ ಕೈಕಟ್ಟಿ ನಿಂತರು.

"ನಿಮಗೆ ಇಷ್ಟವಿಲ್ಲ ಅಂದಮೇಲೆ ಬಿಡಿ," ಎಂದು ಬಾಗಿಲಿಗೆ ಕೈ ಹಾಕಿದರು.

ನನ್ನ ಅಷ್ಟು ವರ್ಷಗಳ ವ್ಯಾಪಾರ ಅಲ್ಲಿಗೆ ನಿಂತಿತು. ಡಾಕ್ಟರು ಏನಾದರೂ ಹೇಳಬಾರದೇ ಎಂದು ತಿರುಗಿ ನೋಡಿದರೆ, ಅವರ ಬೂಟು ಮಾತ್ರ ಕಾಣುತ್ತಿದೆ. ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಗಾಡಿಯ ಕೆಳಗೆ ತೂರಿದ್ದರು.

ತಂಗಿಗೆ ತಡೆಯಲಾಗಲಿಲ್ಲ. ಗಾಡಿಯ ಬಾನೆಟ್ ತಟ್ಟುತ್ತ ಶುರು ಮಾಡಿದಳು: "ಮಂಗ ಅದೀರಿ ನೋಡ್ರಿ, ಶುದ್ಧ ಮಂಗ! ಹೊರಗ ಬರ್ರಿ! ಅಕ್ಕಾ, ಇಂಥಾ ಮಂಗನ ಜೋಡಿ ಇಷ್ಟು ವರ್ಷ ಬಾಳೇವು ಮಾಡೀನಲ್ಲ, ನಾ ಒಂದು ದೊಡ್ಡ ಮಂಗ!"

ಬಾಗಿಲು ಎಳೆಯುತ್ತಿದ್ದ ಕೈ ನಿಂತಿತು. ಇಷ್ಟು ಕನ್ನಡದಲ್ಲಿ ಆಕೆಗೆ ಅರ್ಥವಾದದ್ದು ಒಂದೇ ಪದ. ತಂಗಿ ಬಾನೆಟ್ ತಟ್ಟುವುದನ್ನೇ ನೋಡುತ್ತ, "ನನ್ನ ಗಂಡನೂ ಹೀಗೇ ತಟ್ಟಿ ಮಾತಾಡಿಸುತ್ತಿದ್ದರು," ಎಂದರು. ಆಮೇಲೆ ಮೆಲ್ಲಗೆ ಕೇಳಿದರು, "ನಿಮಗೆ ಮಂಗಾ ಅಂದರೆ ಬಹಳ ಪ್ರೀತಿಯೇ?"

ಅಷ್ಟರಲ್ಲಿ ಡಾಕ್ಟರು ಕೆಳಗಿನಿಂದ ತಲೆ ಹೊರಗಿಟ್ಟಿದ್ದರು. ಮೂಗಿಗೆ ಗ್ರೀಸು ಮೆತ್ತಿತ್ತು. ಹೆಂಡತಿ 'ಇಲ್ಲ' ಎಂದರೆ ಮುಗಿಯಿತು ಎಂದು ಅವರಿಗೂ ಗೊತ್ತು. ತಂಗಿ ಆ ಮೂಗನ್ನೊಮ್ಮೆ ನೋಡಿದಳು.

"ಮದುವೆಯಾದಾಗಿನಿಂದ," ಎಂದಳು, ಇಂಗ್ಲಿಷಿನಲ್ಲಿ.

ಕೀಲಿ ಆಕೆ ನನಗೂ ಕೊಡಲಿಲ್ಲ, ಡಾಕ್ಟರಿಗೂ ಕೊಡಲಿಲ್ಲ. ತಂಗಿಯ ಕೈಗೆ ಕೊಟ್ಟರು. ನಾನು ಕೇಳಬೇಕೆಂದಿದ್ದ ರಿಯಾಯಿತಿಗಿಂತ ಹೆಚ್ಚು ತಾವಾಗಿಯೇ ಬಿಟ್ಟರು. ಜೊತೆಗೆ ಹೆಚ್ಚಿನ ಟೈರು, ಗಾಡಿಯ ಹೊದಿಕೆ. ಷರತ್ತು ಒಂದೇ: ಆಗೀಗ ಅವರ ಫ್ಲಾಟಿನ ಕೆಳಗೆ ತಂದು ಒಮ್ಮೆ ಎಂಜಿನ್ ಚಾಲೂ ಮಾಡಬೇಕು, ಮಂಗಾ ಎಂದು ಕರೆಯುವಾಕೆ ಪಕ್ಕದಲ್ಲಿ ಕೂತಿರಬೇಕು.

ಕೂರುತ್ತಾಳೆ. ಸೆರಗು ಮೂಗಿಗೆ ಒತ್ತಿಕೊಂಡು ಕೂರುತ್ತಾಳೆ. ಅಷ್ಟು ಹೊಗೆ ಬಿಟ್ಟರೂ, ತೀರ ಹಳೆಯ ಗಾಡಿ ಎಂದು ಲಂಡನ್ನಿನಲ್ಲಿ ಹೊಗೆಯುಗುಳುವ ಗಾಡಿಗಳು ದಿನಾ ಕಟ್ಟಬೇಕಾದ ಶುಲ್ಕ ಅದಕ್ಕಿಲ್ಲ. ನನ್ನ ಅಂಗಡಿಯ ವ್ಯಾನಿಗೆ ಉಂಟು. ಹಳೆಯದು ಕೊಳ್ಳುವುದಾದರೆ ಪೂರಾ ಹಳೆಯದನ್ನೇ ಕೊಳ್ಳಿ, ಅರ್ಧ ಹಳೆಯದು ಬೇಡ.

ಹೋದ ವಾರ ತಂಗಿಯ ಮನೆಗೆ ಹೋಗಿದ್ದೆ. ಹಾಲು ಉಕ್ಕಿ ಒಲೆಯೆಲ್ಲ ಹರಿದಿತ್ತು, ಹಾಲು ನೋಡಿಕೊಳ್ಳಲು ನಿಲ್ಲಿಸಿದ್ದ ಡಾಕ್ಟರು ಕಾಣಲಿಲ್ಲ. ತಂಗಿ ಅಡುಗೆಮನೆಯಿಂದ ಕೂಗಿದಳು, "ಎಲ್ಲದ ಆ ಮಂಗ?"

"ಗ್ಯಾರೇಜಿನಾಗ ಅದ," ಹೊರಗಿನಿಂದ ಉತ್ತರ ಬಂತು, "ತೊಳಿಯಾಕತ್ತೀನಿ!"