ಬ್ಲಾಗಿಗೆ ಬಿದ್ದ ಆರತಿ ದಕ್ಷಿಣೆ

ಮನೆಗೊಂದು ಅಡುಗೆ ತಂದು ಹಂಚಿ ತಿನ್ನುವ ಕನ್ನಡಿಗರ ಪಾಟ್‌ಲಕ್ಕಿನಲ್ಲಿ ನಾನು ಬಾಯಿ ಮುಚ್ಚಿಕೊಂಡು ಬಿಸಿಬೇಳೆಬಾತ್ ತಿನ್ನಬೇಕಿತ್ತು. ಅದು ಬಿಟ್ಟು, ನನ್ನ ಕನ್ನಡ ಬ್ಲಾಗಿಗೆ ಜಾಹೀರಾತು ಹಾಕಿಸಿದ್ದೇನೆ, ಅದನ್ನು ಯಾರಾದರೂ ಒತ್ತಿದರೆ ನನಗೆ ನಾಲ್ಕು ಕಾಸು ಬರುತ್ತದೆ ಅಂತ ಕೊಚ್ಚಿಕೊಂಡುಬಿಟ್ಟೆ.

ಮಾರನೆಯ ವಾರದಿಂದಲೇ ಆದಾಯ ಏರತೊಡಗಿತು. ಪರದೇಶದ ನಮ್ಮ ಪ್ಲೆಸೆಂಟನ್ ಊರಿನಲ್ಲೇ ಓದುಗರು ಮುಗಿಬಿದ್ದಿದ್ದರು! ಆಫೀಸಿನ ಮೀಟಿಂಗುಗಳಲ್ಲಿ ನಾನು ಸಾಹಿತಿಯ ಗತ್ತಿನಲ್ಲಿ ಕೂರತೊಡಗಿದೆ. ಆ ಗತ್ತು ಮೈಗೆ ಒಗ್ಗುವ ಮೊದಲೇ ಜಾಹೀರಾತು ಕಂಪನಿಯಿಂದ ಈಮೇಲು ಬಂತು. ಒಂದೇ ಊರಿನಿಂದ ದಿನಾ ಬರುವ ಕ್ಲಿಕ್ಕುಗಳ ಮೇಲೆ ಅನುಮಾನ ಇದೆ, ನಿಮ್ಮ ಖಾತೆ ಬಂದ್ ಮಾಡಿದ್ದೇವೆ ಅಂತ.

ನನಗೂ ಒಬ್ಬರ ಮೇಲೆ ಅನುಮಾನ ಬಂತು. ಧಾರವಾಡದಿಂದ ಮಗಳ ಮನೆಗೆ ಬಂದಿರುವ ಶಾಂತಕ್ಕ ಅವತ್ತು ಪಾಟ್‌ಲಕ್ಕಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದರು. ಹೋಗಿ ಕೇಳಿದೆ.

"ಹೌದೋ ತಮ್ಮಾ, ಇಲ್ಲಿ ನಮ್ಮ ಭಜನಿ ಮಂಡಳಿಯವರೆಲ್ಲಾ ದಿನಾ ಒತ್ತತೇವಿ," ಅಂದರು ಹೆಮ್ಮೆಯಿಂದ. "ಆರತಿ ತಗೊಂಡು ತಟ್ಟಿಗೆ ಏನೂ ಹಾಕಲಾರದ ಬರಾಕ ಆಕ್ಕತೇನು? ನಾನಂತೂ ಟ್ರಕ್ಕಿನ ಟಾಯರಿನ ಜಾಹೀರಾತೂ ಬಿಟ್ಟಿಲ್ಲ!"

ಜಗಳ ಆಡಲು ಹೋದವನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಖಾತೆ ಹೋದರೆ ಹೋಗಲಿ, ದಿನಾ ಬರುವ ಓದುಗರಾದರೂ ಸಿಕ್ಕರಲ್ಲ ಅಂತ ಸಮಾಧಾನ ಮಾಡಿಕೊಂಡು, "ಇರಲಿ ಬಿಡ್ರಿ ಅಕ್ಕಾ, ನಾನು ಬರೆದಿದ್ದರಲ್ಲಿ ನಿಮಗೆ ಯಾವುದು ಹಿಡಿಸಿತು?" ಅಂದೆ.

ಶಾಂತಕ್ಕನ ಮುಖ ಪೆಚ್ಚಾಯಿತು.

"ಅಯ್ಯ ಶಿವನ! ಅದನ್ನ ಓದೂದೂ ಇತ್ತೇನು?"