ವಿಭೂತಿ ತಟ್ಟೆಯ ಕೆಳಗಿನ ತಂತಿ

ನನ್ನ ಅಣ್ಣ ಪುಣೆಯ ಮಿಲಿಟರಿ ಆಸ್ಪತ್ರೆಯಲ್ಲಿ ಎಂಟು ದಿನ ಬದುಕಿದ್ದ. ಆ ಎಂಟು ದಿನಗಳನ್ನು ನಮ್ಮ ತಾಯಿಯಿಂದ ಕಸಿದುಕೊಂಡವರು ಮೂವರು: ತಂತಿ ತಂದ ಅಂಚೆಯವರು, ಅದನ್ನು ಇರಿಸಿಕೊಂಡ ಮಠದ ಕಾರಭಾರಿ, ಇರಿಸಿಕೊಳ್ಳಲು ಹೇಳಿದ ಪಂಚಾಯಿತಿಯ ಚೇರಮನ್ನರು. ಮೂವರೂ ದುಷ್ಟರಲ್ಲ. ಊರಿನ ಸೇವೆಯಲ್ಲಿಯೇ ತಲೆ ಬೆಳ್ಳಗಾದವರು. ಆದ್ದರಿಂದಲೇ ಇದುವರೆಗೆ ಅವರನ್ನು ನಾನಲ್ಲದೆ ಊರಿನ ಯಾರೂ ಏನನ್ನೂ ಕೇಳಿಲ್ಲ.

ನಮ್ಮದು ಸಿಂದಗಿ ತಾಲೂಕಿನ ಸಣ್ಣ ಹಳ್ಳಿ. ಅಪ್ಪ ತೀರಿಕೊಂಡಿದ್ದರು; ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಫೌಜಿನಲ್ಲಿದ್ದ ಅಣ್ಣನನ್ನು ಆ ವರ್ಷ ಗಡಿಯ ಗುಡ್ಡಗಾಡಿಗೆ ಕಳಿಸಿದರೆಂದು ಪತ್ರ ಬಂದಾಗ ಅವ್ವ ಶ್ರಾವಣದಲ್ಲಿ ಇಪ್ಪತ್ತೊಂದು ದಿನ ಮಠದ ಸೇವೆ ಮಾಡುವ ಹರಕೆ ಹೊತ್ತಳು. ಅಂಗಳ ಗುಡಿಸುವುದು, ದಾಸೋಹಕ್ಕೆ ರೊಟ್ಟಿ ಬಡಿಯುವುದು, ಒಂದು ಹೊತ್ತು ಉಂಡು ಮಠದ ಪಡಸಾಲೆಯಲ್ಲಿಯೇ ಮಲಗುವುದು. ನಡುವೆ ಮನೆಗೆ ಹೋದರೆ ಹರಕೆ ಮುರಿದಂತೆ. ಮನೆಗೆ ಬೀಗ ಹಾಕಿ ಹೋಗಿದ್ದಳು.

ಹತ್ತನೆಯ ದಿನ ತಂತಿ ಬಂತು. ಬೀಗ ಕಂಡ ಅಂಚೆಯವರು ಸೈಕಲ್ಲನ್ನು ಮಠದ ಕಡೆ ತಿರುಗಿಸಿದರು. ನಮ್ಮ ಸೀಮೆಯಲ್ಲಿ ತಂತಿ, ಜನರ ಬಾಯಲ್ಲಿ ತಾರ, ಎಂದರೆ ಸಾವು. ಅದನ್ನು ಒಡೆದು ಓದುವವರಿಲ್ಲ. ಕೈಗೆ ಬಂದೊಡನೆ ಅಳುತ್ತಾರೆ. ಅವ್ವ ಒಲೆಯ ಮುಂದಿದ್ದಳು. ಅಂಚೆಯವರು ತಂತಿಯನ್ನು ಅವಳಿಗೆ ಕೊಡದೆ ಕಾರಭಾರಿಯ ಕೈಗಿತ್ತರು. ಕಾರಭಾರಿ ಚೇರಮನ್ನರನ್ನು ಕರೆಸಿದರು. ಹೋದವನು ಹೋದ, ಅವನ ಹೆಸರಿನಲ್ಲಿ ಹಿಡಿದ ಸೇವೆಯಾದರೂ ಪೂರ್ತಿಯಾಗಲಿ ಎಂದು ಚೇರಮನ್ನರು ತೀರ್ಮಾನಿಸಿದರು. ತಂತಿ ಗದ್ದುಗೆಯ ವಿಭೂತಿ ತಟ್ಟೆಯ ಕೆಳಗೆ ಸೇರಿತು. ಎಂಟು ದಿನಗಳ ಮೇಲೆ ಇನ್ನೊಂದು ಬಂದಾಗ ಮೊದಲಿನದರ ನಕಲಿರಬೇಕೆಂದು ಅದನ್ನೂ ಅಲ್ಲಿಯೇ ಇಟ್ಟರು. ಸಾವಿಗೆ ಸೂತಕವಿಲ್ಲವೆಂದು ವರ್ಷವರ್ಷವೂ ಪ್ರವಚನ ನಡೆಯುವ ಮಠ ಅದು; ಸುದ್ದಿ ಹೇಳಿದ್ದರೂ ಸೇವೆ ಕೆಡುತ್ತಿರಲಿಲ್ಲ.

ಹರಕೆ ಮುಗಿಯುವ ದಿನ ನಾನು ಊರಿಗೆ ಬಂದು ಮಠಕ್ಕೆ ಹೋದೆ. ಕಾರಭಾರಿ ಪ್ರಸಾದದೊಡನೆ ಎರಡೂ ಲಕೋಟೆಗಳನ್ನು ಅವ್ವನ ಕೈಗಿಟ್ಟರು. ಓದಲು ಬಾರದ ಅವಳು ನನಗೆ ಕೊಟ್ಟಳು. ಮೊದಲನೆಯದರಲ್ಲಿ ಇಂಗ್ಲಿಷಿನಲ್ಲಿ ಹೀಗಿತ್ತು: ಟ್ರಕ್ಕು ಉರುಳಿ ತೀವ್ರ ಗಾಯವಾಗಿದೆ, ಪುಣೆಗೆ ತಂದಿದ್ದೇವೆ, ಕೂಡಲೇ ಬನ್ನಿ. ಎರಡನೆಯದರಲ್ಲಿ: ನಿಮ್ಮ ಮಗ ತೀರಿಕೊಂಡಿದ್ದಾನೆ, ದೇಹದ ಬಗ್ಗೆ ಉತ್ತರ ತಿಳಿಸಿ. ತರಗತಿಯಲ್ಲಿ ಪಾಠ ಓದುವ ದನಿಯಲ್ಲಿ ಎರಡನ್ನೂ ಕನ್ನಡದಲ್ಲಿ ಹೇಳಿದೆ. ಅಳು ಬರಲಿಲ್ಲ. ಲಕೋಟೆಯ ಮೇಲೆ ತಟ್ಟೆಯ ಅಂಚಿನ ಬಿಳಿ ಗುರುತು ಬಿದ್ದಿತ್ತು, ಅದನ್ನೇ ನೋಡುತ್ತ ನಿಂತೆ. ಇಂಡಿ ಸ್ಟೇಷನ್ನಿನವರೆಗೆ ಬಸ್ಸು, ಅಲ್ಲಿಂದ ಸೊಲ್ಲಾಪುರದ ರೈಲು, ಅಲ್ಲಿ ಇನ್ನೊಂದು ಗಾಡಿ. ಮೊದಲ ತಂತಿ ಬಂದ ದಿನವೇ ಹೊರಟಿದ್ದರೆ ಅವ್ವ ಮರುದಿನ ಸಂಜೆಗೆ ಅವನ ಮಂಚದ ಬಳಿ ಇರಬಹುದಿತ್ತು.

“ಒಡದು ನೋಡಬೇಕು ಅನಸಲಿಲ್ಲೇನ್ರಿ?” ಎಂದು ಅಲ್ಲಿಯೇ ಇದ್ದ ಚೇರಮನ್ನರನ್ನು ಕೇಳಿದೆ. ಅವರಿಗೆ ಇಂಗ್ಲಿಷ್ ಬರುತ್ತದೆ.

“ಮಂದಿ ತಾರ ಒಡಿಯೂದು ತಪ್ಪಲ್ಲೇನವಾ ತಂಗಿ?”

“ಮುಚ್ಚಿ ಇಡೂದು?”

ಅವರು ಹೆಗಲ ಮೇಲಿನ ವಲ್ಲಿ ಸರಿಪಡಿಸಿಕೊಂಡರು. ಕಾರಭಾರಿ ನಡುವೆ ಬಾಯಿ ಹಾಕಿದರು: “ಧಾರವಾಡದ ನೀರ ಕುಡದ ಬಂದಾಳ್ರಿ, ವಕೀಲರಂಗ ಕೇಳಾಕತ್ತಾಳ. ಯವ್ವಾ, ತಾರ ಅಂದ್ರ ಮತ್ತೇನಿರ್ತೈತಿ? ಮದವಿಗೆ ಕರಿಯಾಕ ಯಾರರ ತಾರ ಹೊಡೀತಾರೇನು?”

ಅಂಚೆಯವರು ಮಠದ ಕಟ್ಟೆಯ ತುದಿಗೆ ಕುಳಿತಿದ್ದರು. “ಇಪ್ಪತ್ತ ವರ್ಷ ಆತು ತಂಗಿ. ತಾರ ಕೊಟ್ಟ ಮನ್ಯಾಗ ನನಗ ಒಂದ ಚರಗಿ ನೀರ ಕೊಟ್ಟವರಿಲ್ಲ. ಅವತ್ತ ನಿಮ್ಮವ್ವ ನನ್ನ ನೋಡಿ, ಬಿಸಿ ರೊಟ್ಟಿ ತಿಂದ ಹೋಗಪಾ ಅಂದ್ಲು. ಹೆಂಗ ಕೊಡ್ಲಿ?”

“ತಿಂದ್ರೇನು?”

“ತಿಂದ್ನಿ.”

ಕಡೆಗೆ ಅವ್ವ ಒಂದೇ ಮಾತು ಕೇಳಿದಳು: “ಅಷ್ಟ ದಿನ ಅವನ ಹತ್ರ ಯಾರಿದ್ರಂತ?” ದೇಹದ ಬಗ್ಗೆ ನಮ್ಮಿಂದ ಉತ್ತರ ಬರದ ಕಾರಣ ಅವನ ಸಂಸ್ಕಾರವೂ ಅಲ್ಲಿಯೇ ಮುಗಿದುಹೋಗಿತ್ತೆಂದು ಆಮೇಲೆ ತಿಳಿಯಿತು.

ತಿಂಗಳು ಕಳೆದ ಮೇಲೆ ಪಂಚಾಯಿತಿಯ ಮುಂದೆ ಸಭೆ ಕರೆದು ಅವ್ವನಿಗೆ ಶಾಲು ಹೊದಿಸಿದರು. ಮುದ್ದೇಬಿಹಾಳದಿಂದ ಬಂದ ಭಾಷಣಕಾರರು, ದೇವರ ಸೇವೆ, ದೇಶದ ಸೇವೆ ಎರಡೂ ಈ ಒಂದೇ ಮನೆಯಲ್ಲಿ ಕೂಡಿದವು ಎಂದರು. ಊರಿನ ಹಿರಿಯರ ಜನಸೇವೆಯನ್ನೂ ಕೊಂಡಾಡಿದರು. ಜನ ಚಪ್ಪಾಳೆ ತಟ್ಟಿದರು. ಎಂಟು ದಿನಗಳ ಸುದ್ದಿಯನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ; ಅದನ್ನು ಇಲ್ಲಿ ಬರೆಯದಿದ್ದರೆ ನಾನೂ ಅವರ ಲೆಕ್ಕಕ್ಕೇ ಸೇರುತ್ತೇನೆ.

ಅಂದಿನಿಂದ ಅವ್ವ ಮನೆಗೆ ಬೀಗ ಹಾಕುವುದಿಲ್ಲ. ಹೊಲಕ್ಕೆ ಹೋದರೂ ಬಾಗಿಲನ್ನು ಬರೀ ಮುಂದಕ್ಕೆ ಎಳೆದು ಹೋಗುತ್ತಾಳೆ.

ಈ ಮೂವರು ಹಿರಿಯರಲ್ಲಿ ನನ್ನ ವಿನಂತಿ ಇದು. ತಾವು ಒಟ್ಟಿಗೆ ನಮ್ಮ ಮನೆಗೆ ಬಂದು, ಬೇರೆಯವರ ಹೆಸರಿಗೆ ಬಂದ ತಂತಿಯನ್ನು ಯಾವ ಅಧಿಕಾರದಿಂದ ತಡೆದಿರೆಂದು ನಮ್ಮ ತಾಯಿಗೆ ಬಾಯಿಬಿಟ್ಟು ಹೇಳಬೇಕು. ಮೇಲಿನ ಅಂಚೆ ಅಧಿಕಾರಿಗಳು ಈ ಎರಡು ತಂತಿಗಳು ಯಾರ ಕೈಗೆ ತಲುಪಿದವೆಂಬುದನ್ನು ವಿಚಾರಿಸಿ ಬರಹದಲ್ಲಿ ತಿಳಿಸಬೇಕು. ಇನ್ನು ಮುಂದೆ ಓದುಬರಹ ಬಾರದವರಿಗೆ ಬಂದ ತಂತಿಯನ್ನು ಅವರ ಕೈಗೇ ಕೊಟ್ಟು, ಒಡೆದು, ಅಲ್ಲಿಯೇ ಓದಿ ಹೇಳಬೇಕೆಂದು ಆಜ್ಞೆ ಹೊರಡಿಸಬೇಕು. ಪಂಚಾಯಿತಿಯವರು ಪುಣೆಯ ಆಸ್ಪತ್ರೆಗೆ ಪತ್ರ ಬರೆದು, ಅಷ್ಟು ದಿನ ನನ್ನ ಅಣ್ಣನ ಹತ್ತಿರ ಯಾರಿದ್ದರೆಂದು ಕೇಳಿ ತರಿಸಬೇಕು. ಆ ಉತ್ತರ ಬಂದಾಗ ಅದನ್ನು ಎಲ್ಲಿಯೂ ಇರಿಸಿಕೊಳ್ಳದೆ ನಮ್ಮ ಮನೆಗೆ ತರಬೇಕು. ಬಾಗಿಲು ತೆರೆದಿರುತ್ತದೆ.